ಜಿಮ್‌ನಲ್ಲಿ ಮೊದಲ ತಿಂಗಳು: ಸಾಗರ, ಹೊಸನಗರ, ತೀರ್ಥಹಳ್ಳಿ

ನಮ್ಮ ಹಾಸ್ಟೆಲ್ ಪಕ್ಕದಲ್ಲೇ ಕಾಲೇಜಿನ ಜಿಮ್ ಇದೆ. ಮೂರು ಸೆಮ್ ಅದರ ಮುಂದೆಯೇ ಮೆಸ್‌ಗೆ ಓಡಾಡಿದ್ದೇವೆ, ಒಂದು ದಿನವೂ ಒಳಗೆ ಹೋಗಿರಲಿಲ್ಲ. ಯಾರಾದ್ರೂ ಕೇಳಿದ್ರೆ "ಟೈಮ್ ಇಲ್ಲ ಮಾರಾಯ, ಲ್ಯಾಬ್ ರೆಕಾರ್ಡ್ ಬಾಕಿ ಇದೆ" ಅಂತಿದ್ವಿ. ನಿಜ ಹೇಳಬೇಕಂದ್ರೆ ಟೈಮ್ ಇತ್ತು, ಧೈರ್ಯ ಇರಲಿಲ್ಲ. ಬಾಗಿಲಿನ ಗಾಜಿನಿಂದ ಕಾಣೋ ಆ ಕನ್ನಡಿ, ಆ ತೋಳುಗಳು, ಆ ಹಾಡಿನ ಸದ್ದು ನೋಡಿದ್ರೆ 'ಇದು ನಮ್ಮಂಥವರ ಜಾಗ ಅಲ್ಲ' ಅನ್ನಿಸ್ತಿತ್ತು.

ಮೂರನೇ ಸೆಮ್ ಪರೀಕ್ಷೆ ಮುಗಿದ ದಿನ ನಾವು ಮೂವರು ಒಂದು ಒಪ್ಪಂದ ಮಾಡಿಕೊಂಡ್ವಿ. ನಮ್ಮಲ್ಲಿ ಒಬ್ಬ ಸಾಗರದವನು, ಒಬ್ಬ ಹೊಸನಗರದವನು, ಒಬ್ಬಳು ತೀರ್ಥಹಳ್ಳಿಯವಳು. ರಜೆಗೆ ಊರಿಗೆ ಹೋದ ಮೇಲೆ ಅವರವರ ಊರಿನ ಜಿಮ್‌ಗೆ ಒಂದು ತಿಂಗಳು ಸೇರಬೇಕು, ಮಧ್ಯದಲ್ಲಿ ಬಿಡಬಾರದು. ಬಿಟ್ಟವರು ಉಳಿದಿಬ್ಬರಿಗೆ ಒಂದು ವಾರ ಮಸಾಲೆ ದೋಸೆ ಕೊಡಿಸಬೇಕು. ಕಾಲೇಜಿನಲ್ಲಿ ಎಲ್ಲರೆದುರು ಮರ್ಯಾದೆ ಕಳ್ಕೊಳ್ಳೋದಕ್ಕಿಂತ ಊರಲ್ಲಿ ಕಲಿತು ಬರೋದು ವಾಸಿ ಅನ್ನೋದು ನಮ್ಮ ಲೆಕ್ಕ. ಆ ಲೆಕ್ಕ ಎಷ್ಟು ತಪ್ಪು ಅನ್ನೋದು ಮೊದಲ ದಿನವೇ ಗೊತ್ತಾಯ್ತು.

ಈ ಲೇಖನ ಬಾಡಿ ಬಿಲ್ಡಿಂಗ್ ಬಗ್ಗೆ ಅಲ್ಲ. ಹೊಸದಾಗಿ ಜಿಮ್‌ಗೆ ಹೋದಾಗ ಆಗೋ ಆ ಭಯ ಎಲ್ಲಿಂದ ಬರುತ್ತೆ, ಹೇಗೆ ಹೋಗುತ್ತೆ ಅನ್ನೋದನ್ನ ನಮಗೆ ಅರ್ಥ ಆದಷ್ಟು ಹೇಳ್ತೀವಿ.

ಊರಿನ ಜಿಮ್ ಅಂದ್ರೆ ಯಾರೂ ಅಪರಿಚಿತರಲ್ಲ

ಬೆಂಗಳೂರಿನಂಥ ಊರಲ್ಲಿ ಜಿಮ್‌ಗೆ ಹೋದ್ರೆ ನೋಡುವವರೆಲ್ಲ ಅಪರಿಚಿತರು. ನಮ್ಮ ಕಡೆ ಹಾಗಲ್ಲ. ಸಾಗರದವನು ಒಳಗೆ ಕಾಲಿಟ್ಟ ಎರಡೇ ನಿಮಿಷಕ್ಕೆ ಒಬ್ಬರು "ನೀನು ಯಾರ ಮನೆ ಮಾಣಿ?" ಅಂತ ಕೇಳಿದ್ರು. ಅಪ್ಪನ ಹೆಸರು ಹೇಳಿದ್ದೇ ತಡ, ಅಜ್ಜನ ಹೆಸರು, ತೋಟ ಎಲ್ಲಿದೆ, ಈ ಸಲ ಕೊಳೆ ರೋಗ ಎಷ್ಟು ಬಂತು, ಎಲ್ಲ ವಿಚಾರಣೆ ಆಯ್ತು. ಅವನು ಇನ್ನೂ ಒಂದು ಡಂಬೆಲ್ ಮುಟ್ಟಿರಲಿಲ್ಲ.

ಅವನ ಮೊದಲ ವಾರದಲ್ಲೇ ಒಂದು ಅನಾಹುತ ನಡೀತು. ಬೆಂಚ್ ಪ್ರೆಸ್ ಮುಗಿದ ಮೇಲೆ ಪ್ಲೇಟ್ ತೆಗೆದಿಡಬೇಕಲ್ವಾ? ಅವನು ಎಡಗಡೆಯ ಪ್ಲೇಟ್‌ಗಳನ್ನೆಲ್ಲ ಒಟ್ಟಿಗೆ ತೆಗೆದುಬಿಟ್ಟ. ಬಲಗಡೆ 15 ಕೆಜಿ ಹಾಗೇ ಇತ್ತು. ಬಾರ್ ಧಡಾರ್ ಅಂತ ಮಗುಚಿ ನೆಲಕ್ಕೆ ಬಿತ್ತು. ಇಡೀ ಜಿಮ್ ತಿರುಗಿ ನೋಡ್ತು.

ನಾಚಿಕೆ ಆಗಿದ್ದು ಸದ್ದಿಗಲ್ಲ. ಫಸ್ಟ್ ಇಯರ್‌ನಲ್ಲಿ ಮೊಮೆಂಟ್ ಲೆಕ್ಕ ಎಷ್ಟು ಮಾಡಿದ್ವಿ! ಆ ರಾತ್ರಿ ಅವನು ಕೂತು ಲೆಕ್ಕ ಹಾಕಿ ನಮಗೆ ಕಳಿಸಿದ. ಅಲ್ಲಿನ ಬಾರ್ 10 ಕೆಜಿಯದ್ದು. ಬೆಂಚಿನ ಎರಡು ಕಂಬಗಳ ನಡುವಿನ ಅಂತರ ಸುಮಾರು 80 ಸೆಂ.ಮೀ, ಅಂದ್ರೆ ಬಾರ್‌ನ ಮಧ್ಯದಿಂದ ಬಲಗಡೆಯ ಕಂಬಕ್ಕೆ 40 ಸೆಂ.ಮೀ. ಪ್ಲೇಟ್ ಆ ಕಂಬದಿಂದ ಹೊರಗೆ ಸುಮಾರು 30 ಸೆಂ.ಮೀ ದೂರ. ಬಾರ್‌ನ ತೂಕ ಅದನ್ನ ಒಳಕ್ಕೆ ಹಿಡಿದಿಡುತ್ತೆ: 10 × 0.4 = 4. ಪ್ಲೇಟ್ ಹೊರಕ್ಕೆ ಮಗುಚುತ್ತೆ: 15 × 0.3 = 4.5. ನಾಲ್ಕಕ್ಕಿಂತ ನಾಲ್ಕೂವರೆ ದೊಡ್ಡದು, ಮುಗೀತು ಕಥೆ. ದೊಡ್ಡ ಜಿಮ್‌ಗಳಲ್ಲಿರೋ 20 ಕೆಜಿ ಬಾರ್, ಅಗಲವಾದ ಸ್ಟ್ಯಾಂಡ್ ಆಗಿದ್ರೆ ಇದೇ 15 ಕೆಜಿಗೆ ಬೀಳ್ತಾ ಇರಲಿಲ್ಲ. ಆದ್ರೂ ಎಲ್ಲೇ ಇರಿ, ಆ ಕಡೆ ಒಂದು ಈ ಕಡೆ ಒಂದು ಪ್ಲೇಟ್ ತೆಗೀಬೇಕು. ಇದೊಂದು ನೆನಪಿಟ್ಟುಕೊಂಡ್ರೆ ನಮ್ಮ ಗೆಳೆಯನ ತ್ಯಾಗ ಸಾರ್ಥಕ.

ಬಾರ್ ಬಿದ್ದಾಗ ಅಂಗಡಿ ಇಟ್ಕೊಂಡಿರೋ ಅಣ್ಣ ಒಬ್ಬರು ಬಂದು ಬಾರ್ ಎತ್ತಿಟ್ಟು, "ಕಾಲ ಮೇಲೆ ಬೀಳ್ಲಿಲ್ಲ ಅಲ್ದಾ? ಹಾಂಗಾರೆ ಎಂತ ಆಗ್ಲಿಲ್ಲ ಬಿಡು" ಅಂದ್ರು ಅಷ್ಟೇ. ಆದ್ರೆ ಸಂಜೆ ಮನೆಗೆ ಹೋಗೋ ಹೊತ್ತಿಗೆ ಅಪ್ಪನಿಗೆ ಸುದ್ದಿ ಮುಟ್ಟಿತ್ತು. "ಜಿಮ್ಮಲ್ಲಿ ಎಂತದೋ ಬೀಳಿಸಿದ್ಯಂತೆ?" ಊರಿನ ನೆಟ್‌ವರ್ಕ್ ನಮ್ಮ ಹಾಸ್ಟೆಲ್ ವೈಫೈಗಿಂತ ಫಾಸ್ಟು.

ಎಲ್ಲರೂ ನಮ್ಮನ್ನೇ ನೋಡ್ತಾರಾ?

"ಯಾರೂ ನಿನ್ನ ನೋಡಲ್ಲ, ಆರಾಮಾಗಿ ಹೋಗು" ಅಂತ ಎಲ್ಲರೂ ಹೇಳ್ತಾರೆ. ಇದಕ್ಕೆ ಸ್ವಲ್ಪ ಆಧಾರವೂ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಬ್ಯಾರಿ ಮ್ಯಾನಿಲೋ ಅನ್ನೋ ಗಾಯಕನ ಮುಖ ಇರೋ ಟೀ ಶರ್ಟ್ ಹಾಕಿಸಿ, ಬೇರೆ ವಿದ್ಯಾರ್ಥಿಗಳು ಕೂತಿರೋ ರೂಮಿಗೆ ಕಳಿಸಿದ್ರು. ಅದನ್ನ ಹಾಕ್ಕೊಳ್ಳೋದು ಆ ಹುಡುಗರಿಗೆ ಮುಜುಗರದ ವಿಷಯ. ಟೀ ಶರ್ಟ್ ಹಾಕಿದವರು, ರೂಮಿನ ಸುಮಾರು ಅರ್ಧ ಜನ ಅದನ್ನ ಗಮನಿಸಿರ್ತಾರೆ ಅಂದುಕೊಂಡಿದ್ರು. ನಿಜಕ್ಕೂ ಗಮನಿಸಿದ್ದು ನಾಲ್ಕರಲ್ಲಿ ಒಬ್ಬರೂ ಇಲ್ಲ. 2000ನೇ ಇಸವಿಯಲ್ಲಿ ಪ್ರಕಟವಾದ ಈ ಅಧ್ಯಯನದಿಂದ 'ಸ್ಪಾಟ್‌ಲೈಟ್ ಎಫೆಕ್ಟ್' ಅನ್ನೋ ಹೆಸರು ಪ್ರಸಿದ್ಧವಾಯ್ತು. ನಾಟಕದ ರಂಗದ ಬೆಳಕು ನಮ್ಮೊಬ್ಬರ ಮೇಲೇ ಇದೆ ಅಂತ ನಮಗೆ ಅನ್ನಿಸುತ್ತೆ, ಅಷ್ಟು ಇರೋದಿಲ್ಲ.

ಆದ್ರೆ ಇದನ್ನ ಹೊಸನಗರದವನ ಮುಂದೆ ಹೇಳಿ ನೋಡಿ, ಒಪ್ಪೋದಿಲ್ಲ. ಅವನ ತೂಕ 94 ಕೆಜಿ. ಫಸ್ಟ್ ಇಯರ್‌ನಲ್ಲೇ ಅವನು ನಮಗ್ಯಾರಿಗೂ ಹೇಳದೆ ಒಂದು ದೊಡ್ಡ ಊರಿನ ಜಿಮ್‌ಗೆ ಮೂರು ತಿಂಗಳ ಫೀಸು ಕಟ್ಟಿದ್ದನಂತೆ. ಮೊದಲ ದಿನ ಅಲ್ಲಿ ಕಲಿಸೋನು ಅವನ ಫೋಟೋ ತೆಗೆದು, ಪಕ್ಕದಲ್ಲಿದ್ದವರಿಗೆ ತೋರಿಸಿ, "ಬಿಫೋರ್ ಫೋಟೋಗೆ ಇದಕ್ಕಿಂತ ಒಳ್ಳೇದು ಸಿಗಲ್ಲ" ಅಂದು ನಕ್ಕ. ಇವನೂ ನಕ್ಕ. ಎರಡನೇ ದಿನ ಹೋದ. ಮೂರನೇ ದಿನದಿಂದ ಹೋಗಲಿಲ್ಲ. ದುಡ್ಡು ವಾಪಸ್ ಕೇಳಲಿಲ್ಲ. ಮನೆಯಲ್ಲಿ ಮೂರು ತಿಂಗಳೂ "ಹೋಗ್ತಾ ಇದೀನಿ" ಅಂತ ಸುಳ್ಳು ಹೇಳಿದ. ಒಂದೂವರೆ ವರ್ಷ ಒಂದೇ ಮೆಸ್‌ನಲ್ಲಿ ಊಟ ಮಾಡಿದ ನಮಗೆ ಇದು ಗೊತ್ತಾಗಿದ್ದು ಈ ಒಪ್ಪಂದದ ದಿನ.

ಹಾಗಾಗಿ ನಾವು 'ಯಾರೂ ನೋಡಲ್ಲ' ಅಂತ ಸುಳ್ಳು ಸಮಾಧಾನ ಹೇಳಲ್ಲ. ಕೆಲವರು ನೋಡ್ತಾರೆ, ಅಪರೂಪಕ್ಕೆ ಒಬ್ಬ ನಗ್ತಾನೆ ಕೂಡ. ನೀವು ಅಂದುಕೊಂಡಷ್ಟು ಜನ ನೋಡಲ್ಲ ಅನ್ನೋದು ಮಾತ್ರ ನಿಜ. ನಕ್ಕರೆ ಆ ಜಿಮ್ ಬಿಡಿ, ವ್ಯಾಯಾಮ ಬಿಡಬೇಡಿ. ಅವನು ಎರಡನ್ನೂ ಒಟ್ಟಿಗೆ ಬಿಟ್ಟಿದ್ದೇ ತಪ್ಪಾಗಿದ್ದು.

ಜಿರಳೆ ಹೇಳಿಕೊಟ್ಟ ಪಾಠ

ಸರಿ, ನಾಲ್ಕು ಜನ ನೋಡಿದ್ರೆ ಏನಾಗುತ್ತೆ? ಇಲ್ಲೇ ನಮಗೆ ತುಂಬ ಉಪಯೋಗಕ್ಕೆ ಬಂದ ವಿಷಯ ಸಿಕ್ಕಿದ್ದು.

1969ರಲ್ಲಿ ರಾಬರ್ಟ್ ಝಯೊಂಕ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಜಿರಳೆಗಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಜಿರಳೆಗೆ ಬೆಳಕು ಕಂಡ್ರೆ ಆಗಲ್ಲ, ಕತ್ತಲೆಗೆ ಓಡುತ್ತೆ. ಒಂದು ಕಡೆ ನೇರವಾದ ದಾರಿ, ಇನ್ನೊಂದು ಕಡೆ ತಿರುವು ಇರೋ ದಾರಿ. ಪಕ್ಕದಲ್ಲಿ ಪಾರದರ್ಶಕ ಪೆಟ್ಟಿಗೆಗಳಲ್ಲಿ ಬೇರೆ ಜಿರಳೆಗಳು ಪ್ರೇಕ್ಷಕರು! ಪ್ರೇಕ್ಷಕರಿದ್ದಾಗ ನೇರ ದಾರಿಯಲ್ಲಿ ಜಿರಳೆ ಇನ್ನೂ ವೇಗವಾಗಿ ಓಡ್ತು. ತಿರುವಿನ ದಾರಿಯಲ್ಲಿ ಇನ್ನೂ ನಿಧಾನ ಆಯ್ತು.

ಝಯೊಂಕ್ ಅವರ ವಿವರಣೆ ಹೀಗಿದೆ. ಬೇರೆಯವರು ಹತ್ತಿರ ಇದ್ದಾಗ ದೇಹ ಎಚ್ಚರಗೊಳ್ಳುತ್ತೆ. ಆ ಎಚ್ಚರ ನಮಗೆ ಚೆನ್ನಾಗಿ ರೂಢಿ ಆಗಿರೋದನ್ನೇ ಮುಂದೆ ತಳ್ಳುತ್ತೆ. ರೂಢಿ ಆಗಿರೋದು ಸರಿಯಾದ ಕ್ರಮ ಆಗಿದ್ರೆ ಕೆಲಸ ಇನ್ನೂ ಚೆನ್ನಾಗಿ ಆಗುತ್ತೆ. ಕೆಲಸವೇ ಹೊಸದಾಗಿದ್ರೆ ತಪ್ಪೇ ಜಾಸ್ತಿ ಆಗುತ್ತೆ. ವೈವಾ ನೆನಪು ಮಾಡಿಕೊಳ್ಳಿ. ಬರೋ ಪ್ರಶ್ನೆ ಕೇಳಿದ್ರೆ ಎಕ್ಸ್‌ಟರ್ನಲ್ ಮುಂದೆ ಮಾತು ಪಟಪಟ ಬರುತ್ತೆ. ಬರದೇ ಇರೋದು ಕೇಳಿದ್ರೆ ಬರೋದೂ ಮರೆತುಹೋಗುತ್ತೆ.

ಅಂದ್ರೆ ಜಿಮ್‌ನಲ್ಲಿ ಕೈಕಾಲು ತಡವರಿಸೋದು ನಿಮ್ಮ ಸ್ವಭಾವದ ದೋಷ ಅಲ್ಲ. ಬರದೇ ಇರೋ ಕೆಲಸವನ್ನ ಜನರ ಎದುರು ಮಾಡ್ತಾ ಇದೀರಿ, ಅದಕ್ಕೇ. ಹಾಗಾದ್ರೆ ದಾರಿಯೂ ಇದರಲ್ಲೇ ಇದೆ. ಮೊದಲು ಧೈರ್ಯ ತಂದುಕೊಂಡು ಆಮೇಲೆ ಕಲಿಯೋದಲ್ಲ. ಒಂದೆರಡು ಸುಲಭದ ವ್ಯಾಯಾಮವನ್ನ ಮೈಗೆ ರೂಢಿ ಮಾಡಿಸಿಬಿಟ್ರೆ, ಭಯ ಹುಟ್ಟಿಸ್ತಿದ್ದ ಅದೇ ಕಣ್ಣುಗಳು ಬಲ ಕೊಡೋಕೆ ಶುರು ಮಾಡ್ತವೆ.

ಸಾಗರದವನಿಗೆ ಇದು ತಕ್ಷಣ ಅರ್ಥ ಆಯ್ತು. ರಜೆಯಲ್ಲಿ ಬೆಳಿಗ್ಗೆ ಅವನು ಅಡಿಕೆ ಕೊಯ್ಲಿಗೆ ನಿಲ್ತಿದ್ದ. ಕೊನೆಗೌಡ ಮೇಲಿಂದ ಹಗ್ಗದಲ್ಲಿ ಇಳಿಬಿಟ್ಟ ಕೊನೆಯನ್ನ ಕೆಳಗೆ ಹಿಡಿದು, ಹೊತ್ತು ಅಂಗಳಕ್ಕೆ ಹಾಕೋದು. ಅಲ್ಲಿ ಹತ್ತು ಜನ ನೋಡ್ತಿದ್ರೆ ಇವನ ಕೈ ಇನ್ನೂ ಚುರುಕು. ಮಧ್ಯಾಹ್ನದ ಮೇಲೆ ಜಿಮ್‌ನಲ್ಲಿ ಅದಕ್ಕಿಂತ ಹಗುರದ ಡಂಬೆಲ್ ಎತ್ತೋಕೆ ಕೈ ನಡುಕ. ಮೈ ಅದೇ, ಬಲ ಅದೇ. ಒಂದು ಕೆಲಸ ಚಿಕ್ಕಂದಿನಿಂದ ರೂಢಿ, ಇನ್ನೊಂದು ಇನ್ನೂ ಹೊಸದು.

ಕೈ ಯಾಕೆ ನಡುಗುತ್ತೆ?

ಆ ನಡುಕದ ಬಗ್ಗೆಯೂ ಒಂದು ಮಾತು, ಯಾಕಂದ್ರೆ ನಾವೆಲ್ಲ ಅದನ್ನ ನಮ್ಮ ದುರ್ಬಲತೆ ಅಂದುಕೊಂಡಿದ್ವಿ. ಸ್ನಾಯುವಿನ ಎಳೆಗಳನ್ನ ಯಾವಾಗ, ಎಷ್ಟು, ಯಾವ ಕ್ರಮದಲ್ಲಿ ಕೆಲಸಕ್ಕೆ ಹಚ್ಚಬೇಕು ಅಂತ ನಿರ್ಧರಿಸೋದು ನರಮಂಡಲ. ಹೊಸ ಚಲನೆಯಲ್ಲಿ ಆ ಹೊಂದಾಣಿಕೆ ಇನ್ನೂ ಸರಿಯಾಗಿ ಕೂತಿರೋದಿಲ್ಲ. ಎಳೆಯೋ ಸ್ನಾಯುವಿನ ಜೊತೆ ಅದಕ್ಕೆ ಎದುರಾದ ಸ್ನಾಯುವೂ ಅನಗತ್ಯವಾಗಿ ಬಿಗಿ ಆಗುತ್ತೆ. ಹಾರ್ಡ್‌ವೇರ್ ಚೆನ್ನಾಗಿದೆ, ಡ್ರೈವರ್ ಇನ್ನೂ ಇನ್‌ಸ್ಟಾಲ್ ಆಗಿಲ್ಲ ಅಂದ ಹಾಗೆ.

ಮೊರಿಟಾನಿ ಮತ್ತು ಡಿವ್ರೀಸ್ ಅನ್ನೋ ಸಂಶೋಧಕರು 1979ರಲ್ಲಿ ಇದನ್ನ ಅಳೆದು ತೋರಿಸಿದ್ರು. ಭಾರ ಎತ್ತೋಕೆ ಶುರು ಮಾಡಿದ ಮೊದಲ ಕೆಲವು ವಾರ ಹೆಚ್ಚಾಗೋ ಬಲದಲ್ಲಿ ದೊಡ್ಡ ಪಾಲು ನರಗಳ ಕಲಿಕೆಯದ್ದು. ಸ್ನಾಯು ದಪ್ಪ ಆಗೋದರ ಪಾಲು ಮೂರರಿಂದ ಐದು ವಾರ ಕಳೆದ ಮೇಲೆ ಮುಂದಾಗುತ್ತೆ. ಹಾಗಾಗಿ ಮೊದಲ ತಿಂಗಳು ಕನ್ನಡಿಯಲ್ಲಿ ಏನೂ ಕಾಣಲ್ಲ, ಆದ್ರೆ ಎತ್ತೋ ತೂಕ ವಾರವಾರ ಹೆಚ್ಚಾಗುತ್ತೆ. ಕನ್ನಡಿ ನೋಡಿದವರು ಬೇಜಾರಾಗಿ ಬಿಡ್ತಾರೆ, ಬರೆದಿಟ್ಟವರು ಉಳೀತಾರೆ. ನಾವು ಒಂದು ಹಳೇ ನೋಟ್‌ಬುಕ್‌ನಲ್ಲಿ ದಿನಾಂಕ, ವ್ಯಾಯಾಮ, ತೂಕ, ಎಷ್ಟು ಸಲ ಅಂತ ಬರೆದ್ವಿ. ಸಾಗರದವನು ಮೊದಲ ದಿನ ಖಾಲಿ ಬಾರ್ ಎಂಟು ಸಲ ಎತ್ತಿದ್ದ. ನಾಲ್ಕನೇ ವಾರಕ್ಕೆ ಎರಡೂ ಕಡೆ ಹತ್ತತ್ತು ಕೆಜಿ ಹಾಕಿ ಎಂಟು ಸಲ. ತೋಳು ಮಾತ್ರ ಹಾಗೇ ಇತ್ತು.

ಇನ್ನೊಂದು, ಎರಡನೇ ದಿನ ಮೈ ನೋವು. ಅದು ಲ್ಯಾಕ್ಟಿಕ್ ಆಸಿಡ್‌ನಿಂದ ಬರೋದಲ್ಲ. ಅದು ಒಂದೆರಡು ಗಂಟೆಯಲ್ಲೇ ತೊಲಗಿರುತ್ತೆ. ರೂಢಿ ಇಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಲ್ಲಿ ಆಗೋ ಸಣ್ಣಪುಟ್ಟ ಹಾನಿ, ಅದರ ದುರಸ್ತಿಯ ನೋವು. ಒಂದರಿಂದ ಮೂರು ದಿನದೊಳಗೆ ಜೋರಾಗಿದ್ದು ಆಮೇಲೆ ಇಳಿಯುತ್ತೆ. ಮೊದಲ ದಿನ ಮುಜುಗರ ಮುಚ್ಚೋಕೆ ಅಂತ ಪಕ್ಕದವನಷ್ಟೇ ಭಾರ ಎತ್ತೋಕೆ ಹೋಗ್ಬೇಡಿ. ವಿಪರೀತ ನೋವಿನ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದ್ರೆ ಕಾಯದೆ ಡಾಕ್ಟರ್ ಹತ್ರ ಹೋಗಿ.

ತೀರ್ಥಹಳ್ಳಿಯ ಮಧ್ಯಾಹ್ನ

ತೀರ್ಥಹಳ್ಳಿಯವಳ ಕಷ್ಟ ಬೇರೆ ಥರ. ಅವಳು ಸೇರಿದ ಕಡೆ ಹೆಂಗಸರಿಗೆ ಮಧ್ಯಾಹ್ನದ ಎರಡು ಗಂಟೆ ಮಾತ್ರ. ಮನೆಯಲ್ಲಿ ಅಜ್ಜಿಯ ತಕರಾರು: "ಹೆಣ್ಮಕ್ಕಳು ಭಾರ ಎತ್ತೋದು ಎಂತಕ್ಕೆ?" ಇವಳು "ಅಜ್ಜಿ, ನೀವು ಎಷ್ಟು ವರ್ಷ ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತಿದ್ರಿ?" ಅಂತ ಕೇಳಿದಳು. ಅಜ್ಜಿ ಸುಮ್ಮನಾದ್ರು, ಒಪ್ಪಲಿಲ್ಲ.

ಜಿಮ್‌ಗೆ ಹೋದ್ರೆ ಅಲ್ಲಿ ಇನ್ನಿಬ್ಬರು ಅಕ್ಕಂದಿರು ಮಾತ್ರ, ಇಬ್ಬರೂ ಟ್ರೆಡ್‌ಮಿಲ್ ಮೇಲೆ. ಬಾರ್ ಇರೋ ಮೂಲೆ ಗಂಡಸರದ್ದು ಅಂತ ಯಾರೂ ಬರೆದು ಹಾಕಿರಲಿಲ್ಲ, ಆದ್ರೂ ಅದು ಹಾಗೇ ಇತ್ತು. ಇವಳು ಮೊದಲ ವಾರ ಪೂರ್ತಿ ಟ್ರೆಡ್‌ಮಿಲ್ ಮೇಲೇ ನಡೆದಳು. ಇಷ್ಟಪಟ್ಟು ಅಲ್ಲ, ಅಲ್ಲಿ ನಿಂತ್ರೆ ಯಾರೂ ಏನೂ ಕೇಳಲ್ಲ ಅಂತ. ಎರಡನೇ ವಾರ ಒಂದು ದಿನ ಒಬ್ಬ ಅಕ್ಕ ತಾವಾಗೇ, "ನಂಗೂ ಅದನ್ನ ಎತ್ತಿ ನೋಡ್ಬೇಕು ಅಂತ ಆಸೆ ಮಾರಾಯ್ತಿ, ಒಬ್ಬಳೇ ಹೋಗೋಕೆ ಒಂಥರಾ" ಅಂದ್ರಂತೆ. ಇಬ್ಬರೂ ಒಟ್ಟಿಗೆ ಆ ಮೂಲೆಗೆ ಹೋದ್ರು. ಅಲ್ಲಿ ಕಲಿಸೋರನ್ನ ಕರೆದು ಬೆನ್ನು ನೇರ ಇಟ್ಟು ನೆಲದಿಂದ ಬಾರ್ ಎತ್ತೋದು ಹೇಗೆ ಅಂತ ಕೇಳಿದ್ರು. ಅವರು ಖುಷಿಯಿಂದಲೇ ಹೇಳಿಕೊಟ್ರು.

ಆಲ್ಬರ್ಟ್ ಬಂಡೂರಾ ಅನ್ನೋ ಮನಶ್ಶಾಸ್ತ್ರಜ್ಞ 1977ರಲ್ಲಿ ಆತ್ಮವಿಶ್ವಾಸಕ್ಕೆ ನಾಲ್ಕು ಮೂಲ ಇವೆ ಅಂತ ಬರೆದ್ರು. ನಾವೇ ಮಾಡಿ ಗೆದ್ದ ಅನುಭವ, ನಮ್ಮಂಥವರು ಮಾಡೋದನ್ನ ನೋಡೋದು, ಬೇರೆಯವರ ಪ್ರೋತ್ಸಾಹದ ಮಾತು, ಮತ್ತೆ ನಮ್ಮ ದೇಹದ ಸ್ಥಿತಿಯನ್ನ ನಾವು ಅರ್ಥ ಮಾಡಿಕೊಳ್ಳೋ ರೀತಿ. ಇದರಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಮೊಬೈಲ್‌ನಲ್ಲಿ ನೋಡೋ ಮೋಟಿವೇಶನ್ ವಿಡಿಯೋ ಮೂರನೆಯದು. ಆ ಅಕ್ಕ ಸಿಕ್ಕಿದ್ದು ಎರಡನೆಯದು, ನಮ್ಮಂಥ ಇನ್ನೊಬ್ಬರು. ಸಿಕ್ಸ್ ಪ್ಯಾಕ್ ಇರೋ ನಟನನ್ನ ನೋಡಿದ್ರೆ ಆಸೆ ಹುಟ್ಟಬಹುದು, 'ನನ್ನ ಕೈಲೂ ಆಗುತ್ತೆ' ಅನ್ನೋ ನಂಬಿಕೆ ಬರೋದು ನಿಮ್ಮ ಪಕ್ಕದ ರೂಮಿನವನು ಮಾಡಿದಾಗ.

ಗರಡಿ ಮನೆಯಲ್ಲಿ ಹೊಸಬನಿಗೆ ಕೆಲಸ ಇತ್ತು

ಹಳೇ ಗರಡಿ ಮನೆಯ ಕ್ರಮ ಇಲ್ಲಿ ನೆನಪಾಗುತ್ತೆ. ಅಲ್ಲಿ ಹೊಸಬ ಬಂದ ದಿನವೇ ಕುಸ್ತಿಗೆ ಇಳಿಯೋದಿಲ್ಲ. ಮಟ್ಟಿ ಅಗೆದು ಹದ ಮಾಡೋದು, ದಂಡ ಹೊಡೆಯೋದು, ಬಸ್ಕಿ ತೆಗೆಯೋದು, ದೊಡ್ಡವರ ಪಟ್ಟು ನೋಡೋದು. ಕಲಿಯೋವರೆಗೆ ಏನು ಮಾಡಬೇಕು ಅನ್ನೋದು ಅವನಿಗೆ ಗೊತ್ತಿರುತ್ತೆ. ಜಿಮ್‌ನಲ್ಲಿ ಹೊಸಬನಿಗೆ ಅಂಥ ಕೆಲಸ ಇಲ್ಲ. ಫೀಸು ಕಟ್ಟಿ ಒಳಗೆ ಬಂದು ಮಧ್ಯದಲ್ಲಿ ನಿಂತುಬಿಡ್ತಾನೆ. ಮುಜುಗರ ಆಗೋದು ಆ ನಿಂತ ಹೊತ್ತಲ್ಲೇ.

ಹೊಸನಗರದವನಿಗೆ ನಾವು ಇದನ್ನೇ ಹೇಳಿದ್ವಿ. ಅವನು ಒಪ್ಪಂದ ಮುರಿಯೋ ಹಂತದಲ್ಲಿದ್ದ. ಐದನೇ ದಿನ ರಾತ್ರಿ ಫೋನ್ ಮಾಡಿ "ದೋಸೆ ಕೊಡಿಸ್ತೀನಿ, ಬಿಟ್ಬಿಡ್ರೋ" ಅಂದ. ಯಾರೂ ನಕ್ಕಿರಲಿಲ್ಲ ಈ ಸಲ. ಆದ್ರೆ ಕನ್ನಡಿ ಮುಂದೆ ನಿಂತ್ರೆ ಆ ಹಳೇ ಫೋಟೋ ಕಾಣ್ತಿತ್ತಂತೆ. ನಾವು ಒಂದು ಚೀಟಿ ಬರೆದು ಕಳಿಸಿದ್ವಿ. ಕನ್ನಡಿಗೆ ಬೆನ್ನು ಹಾಕಿ ಹತ್ತು ನಿಮಿಷ ಸೈಕಲ್. ಬಸ್ಕಿ ಹತ್ತರಂತೆ ಮೂರು ಸಲ. ಕೇಬಲ್ ಎಳೆಯೋದು ಹತ್ತರಂತೆ ಮೂರು ಸಲ. ಮನೆಗೆ ಹೋಗೋದು. ಇಷ್ಟೇ, ಎರಡು ವಾರ ಇದೇ, ಬೇರೆ ಏನೂ ಮಾಡಬಾರದು. ಒಳಗೆ ಹೋದ ಕೂಡಲೇ ಮುಂದೆ ಏನು ಅನ್ನೋ ಯೋಚನೆ ಇರಬಾರದು.

ಅವನು ಬಿಡಲಿಲ್ಲ. ಎರಡು ವಾರ ಆದ ಮೇಲೆ ಅವನೇ ಕನ್ನಡಿ ಕಡೆ ತಿರುಗಿದ, "ಬಸ್ಕಿಯಲ್ಲಿ ಮಂಡಿ ಒಳಗೆ ಬರ್ತಿದೆಯಾ ನೋಡೋಕೆ" ಅಂತ. ಜಿಮ್‌ನಲ್ಲಿ ಕನ್ನಡಿ ಇಟ್ಟಿರೋದು ಅದಕ್ಕೇ ಅಂತ ಅವನಿಗೆ ಆಗ ಗೊತ್ತಾಯ್ತಂತೆ. ತಿಂಗಳ ಕೊನೆಗೆ ತೂಕ 92 ಕೆಜಿ. ಎರಡೇ ಕೆಜಿ. ಅವನಿಗೆ ಅದು ಮುಖ್ಯ ಆಗಿರಲಿಲ್ಲ. "ಈ ಸಲ ಮನೇಲಿ ಸುಳ್ಳು ಹೇಳ್ಲಿಲ್ಲ" ಅಂದ.

ಅವನಿಗೆ ನಾವು ಇನ್ನೊಂದು ಉದಾಹರಣೆ ಕೊಟ್ಟಿದ್ವಿ, ದೂರದ್ದಲ್ಲ. ಹೊಸನಗರದಿಂದ ಹುಲಿಕಲ್ ಘಾಟಿ ಇಳಿದ್ರೆ ಕುಂದಾಪುರ ತಾಲ್ಲೂಕು. ಅಲ್ಲಿನ ವಂಡ್ಸೆ ಕಡೆಯ ಗುರುರಾಜ ಪೂಜಾರಿ ಅವರ ತಂದೆ ಲಾರಿ ಡ್ರೈವರ್. ಗುರುರಾಜ ಅವರಿಗೆ ಮೊದಲು ಆಸೆ ಇದ್ದಿದ್ದು ಕುಸ್ತಿಯ ಮೇಲೆ, ಉಜಿರೆ ಕಾಲೇಜಿಗೆ ಬಂದ ಮೇಲೆ ಭಾರ ಎತ್ತೋದನ್ನ ಕಲಿತ್ರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ರು. ಪದಕ ಬೆಳ್ಳಿ ಆಗಿದ್ದು ಕೊನೆಯ ಪ್ರಯತ್ನದಲ್ಲಿ ಎತ್ತಿದ 138 ಕೆಜಿಯಿಂದ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು. ಆ ಕ್ರೀಡೆಯಲ್ಲಿ ಪ್ರತಿ ವಿಧಾನಕ್ಕೂ ಮೂರು ಪ್ರಯತ್ನ ಇರುತ್ತೆ. ಅಂದ್ರೆ ಎಲ್ಲರೆದುರು ಒಂದೆರಡು ಸಲ ಆಗದೇ ಹೋಗಬಹುದು ಅನ್ನೋದು ನಿಯಮದಲ್ಲೇ ಇದೆ. ನಾವು ಹೊಸಬರು ಒಂದೇ ಪ್ರಯತ್ನದಲ್ಲಿ ಎಲ್ಲ ಸರಿಯಾಗಬೇಕು ಅಂತ ಹೋಗ್ತೀವಿ.

ಹೊಸಬರಿಗೆ ನಮ್ಮ ಚೀಟಿ

ಹೋಗೋ ಮುಂಚೆ ಮೂರೇ ವ್ಯಾಯಾಮ ಬರೆದುಕೊಳ್ಳಿ. ಎರಡು ವಾರ ಅದನ್ನೇ ಮಾಡಿ.

ಜನ ಕಡಿಮೆ ಇರೋ ಹೊತ್ತು ಕೇಳಿಕೊಂಡು ಆಗ ಶುರು ಮಾಡಿ. ಬರದ ಕೆಲಸ ಕಲಿಯೋಕೆ ಪ್ರೇಕ್ಷಕರು ಕಡಿಮೆ ಇದ್ದಷ್ಟು ಒಳ್ಳೇದು. ರೂಢಿ ಆದ ಮೇಲೆ ಸಂಜೆ ಗಲಾಟೆಯಲ್ಲಿ ಹೋಗಿ.

ಬೇರೆಯವರು ಮಷಿನ್ ಮೇಲಿದ್ರೆ "ಅಣ್ಣ, ಇನ್ನೆಷ್ಟು ಸೆಟ್ ಇದೆ?" ಅಂತ ಕೇಳಿ. ಜಿಮ್‌ನಲ್ಲಿ ಮಾತು ಶುರುವಾಗೋದೇ ಈ ಪ್ರಶ್ನೆಯಿಂದ. ಭಾರ ಎತ್ತೋದು ಹೇಗೆ ಅಂತ ಕೇಳಿದ್ರೆ ಮುಕ್ಕಾಲು ಪಾಲು ಜನ ಸಂತೋಷವಾಗಿ ಹೇಳ್ತಾರೆ, ಕೆಲವರು ಬೇಕಾದ್ದಕ್ಕಿಂತ ಜಾಸ್ತಿ ಹೇಳ್ತಾರೆ.

ಪ್ಲೇಟ್ ಎರಡೂ ಕಡೆಯಿಂದ ಸರದಿಯಲ್ಲಿ ತೆಗೀರಿ. ಯಾಕೆ ಅಂತ ಮೇಲೆ ಲೆಕ್ಕ ಇದೆ.

ಕನ್ನಡಿ ನಂಬಬೇಡಿ, ನೋಟ್‌ಬುಕ್ ನಂಬಿ.

ಈಗ ನಾಲ್ಕನೇ ಸೆಮ್. ಮಸಾಲೆ ದೋಸೆ ಯಾರೂ ಕೊಡಿಸಲಿಲ್ಲ, ಮೂವರೂ ಅವರವರ ದುಡ್ಡಲ್ಲೇ ತಿಂದ್ವಿ. ಕಾಲೇಜಿನ ಜಿಮ್‌ಗೆ ಮೊದಲ ದಿನ ಹೋದಾಗ ಮತ್ತೆ ಎದೆ ಡವಡವ ಅಂತು, ಅದು ಪೂರ್ತಿ ಹೋಗಿಲ್ಲ. ಆದ್ರೆ ಒಳಗೆ ಹೋದ ಮೇಲೆ ಮೊದಲು ಏನು ಮಾಡಬೇಕು ಅಂತ ಗೊತ್ತಿತ್ತು. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಆರಕ್ಕೆ ನಾವು ಅಲ್ಲೇ ಇರ್ತೀವಿ. ಬಾಗಿಲ ಹತ್ರ ನಿಂತು ವಾಪಸ್ ಹೋಗಬೇಡಿ, ಒಳಗೆ ಬನ್ನಿ. ಹೊಸನಗರದವನು ಎರಡು ವಾರದ ಚೀಟಿ ಬರೆದುಕೊಡ್ತಾನೆ.